ಮಹಾನಗರದಲ್ಲಿ ಬಿಲ್ಲುಗಾರರ ನೆಲೆ

ಆದವಾನಿ, ಆಲೂರು, ಎಮ್ಮಿಗನೂರು ಸೀಮೆಯ ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೆ ಬಿಲ್ಲು ಅಪರಿಚಿತವಾದುದಲ್ಲ. ಪಂಪಭಾರತದ ದ್ರೌಪದೀ ಸ್ವಯಂವರವನ್ನು ಅವರು ಓದಿರುತ್ತಾರೆ. ತುರುಗೋಳಿನ ವೀರಗಲ್ಲುಗಳಲ್ಲಿ ಬಿಲ್ಲೆಳೆದು ನಿಂತ ವೀರರನ್ನು ಕಂಡಿರುತ್ತಾರೆ. ಆದರೆ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಬೆಂಗಳೂರಿನ ರೈಲು ಹತ್ತಿದವರು ಅಲ್ಲಿ ನಿಜವಾದ ಬಿಲ್ಲನ್ನು ಹಿಡಿಯಬಯಸಿದರೆ ಯಾರ ಬಳಿ ಹೋಗಬೇಕು, ಏನನ್ನು ಕೇಳಬೇಕು ಎಂಬುದನ್ನು ಯಾವ ಪಠ್ಯವೂ ತಿಳಿಸುವುದಿಲ್ಲ. ಹಾಸ್ಟೆಲಿನ ಖರ್ಚಿನಲ್ಲಿ ಮಿಗಿಸಿದ ಹಣ ಮೊದಲ ತಿಂಗಳಲ್ಲೇ ಅಪಾತ್ರಕ್ಕೆ ಸಂದರೆ ಆಸೆಯೂ ಅಲ್ಲಿಗೇ ಕಮರುತ್ತದೆ.

ಓದಿದ ಬಿಲ್ಲಿಗೂ ಮೈದಾನದ ಬಿಲ್ಲಿಗೂ ಇರುವ ಅಂತರವನ್ನು ಮೊದಲು ಅರಿಯಬೇಕು. ಕಾವ್ಯದ ವೀರರು ಹೆದೆಯನ್ನು ಆಕರ್ಣಾಂತವಾಗಿ, ಎಂದರೆ ಕಿವಿಯವರೆಗೆ, ಎಳೆಯುತ್ತಾರೆ. ಒಲಿಂಪಿಕ್ಸಿನಲ್ಲಿ ಬಳಕೆಯಾಗುವ ರಿಕರ್ವ್ ಬಿಲ್ಲಿನಲ್ಲಿ ಹೆದೆ ಗಲ್ಲದ ಕೆಳಗೆ ಬಂದು ನಿಲ್ಲುತ್ತದೆ. ಅದನ್ನು ಎಳೆಯುವುದು ತೋರು, ನಡು, ಉಂಗುರ ಬೆರಳುಗಳು ಮಾತ್ರ. ಮಂಗೋಲ, ತುರ್ಕಿ ಬಿಲ್ಲುಗಾರರು ಹೆಬ್ಬೆರಳಿನಿಂದಲೇ ಹೆದೆಯನ್ನು ಸೆಳೆಯುತ್ತಿದ್ದರು. ಇಂದಿನ ರಿಕರ್ವ್ ಕ್ರಮದಲ್ಲಿ ಹೆಬ್ಬೆರಳಿಗೆ ಆ ಕೆಲಸವಿಲ್ಲ. ಏಕಲವ್ಯ ಈ ಕಾಲದವನಾಗಿದ್ದರೆ ದ್ರೋಣರು ಬೇರೆ ದಕ್ಷಿಣೆಯನ್ನೇ ಯೋಚಿಸಬೇಕಾಗುತ್ತಿತ್ತು. ಹೆಸರುಗಳ ವಿಷಯವೂ ಸ್ವಾರಸ್ಯಕರ. ಕನ್ನಡದ ಬಿಲ್, ತಮಿಳಿನ ವಿಲ್, ತೆಲುಗಿನ ವಿಲ್ಲು ಒಂದೇ ಮನೆಯ ಮಕ್ಕಳು. ಮರಾಠಿಯಲ್ಲಿ ಈ ಕ್ರೀಡೆಗಿರುವ ತಿರಂದಾಜಿ ಎಂಬ ಹೆಸರು ಪಾರಸಿಯಿಂದ ಬಂದುದು. ಬೆಂಗಳೂರಿನ ಮೈದಾನದಲ್ಲಿಯಾದರೋ ಆಂಕರ್, ರಿಲೀಸ್ ಎಂಬ ಮಾತುಗಳೇ ಹೆಚ್ಚಾಗಿ ಕಿವಿಗೆ ಬೀಳುತ್ತವೆ. ಅದಕ್ಕೆ ಅಳುಕಬೇಕಾದುದಿಲ್ಲ, ಒಂದು ವಾರದಲ್ಲಿ ರೂಢಿಯಾಗುವ ಪದಗಳಿವು.

ಮನರಂಜನೆಯ ತಾಣಗಳಲ್ಲಿ ಹಣ ತೆತ್ತು ಹತ್ತಾರು ಬಾಣ ಬಿಡುವ ವ್ಯವಸ್ಥೆಯಿರುತ್ತದೆ. ಅದು ಕ್ಲಬ್ಬಲ್ಲ. ಕ್ಲಬ್ಬನ್ನು ಗುರುತಿಸಬೇಕಾದರೆ ಸೇರುವ ಮುನ್ನ ಒಂದು ಸಂಜೆ ಸುಮ್ಮನೆ ನಿಂತು ನೋಡುವುದು ಲೇಸು. ಎಲ್ಲರೂ ಒಂದೇ ಗೆರೆಯಲ್ಲಿ ನಿಂತು ಎಸೆಯುತ್ತಾರೆಯೆ? ಗುರಿಯ ಹಿಂದೆ ಬಾಣ ತಡೆಯುವ ಗೋಡೆಯೋ ಬಲೆಯೋ ನಿರ್ಜನವಾದ ಬಯಲೋ ಇದೆಯೆ? ಸೀಟಿಯ ನಿಯಮ ಪಾಲನೆಯಾಗುತ್ತದೆಯೆ? ಎರಡು ಸೀಟಿಗೆ ಗೆರೆಗೆ ಬರಬೇಕು, ಒಂದಕ್ಕೆ ಬಾಣ ಬಿಡಬೇಕು, ಮೂರಕ್ಕೆ ಹೋಗಿ ಬಾಣಗಳನ್ನು ಆಯ್ದು ತರಬೇಕು. ಮೂರನೆಯ ಸೀಟಿಗೆ ಮುನ್ನವೇ ಯಾರಾದರೂ ಗುರಿಯತ್ತ ನಡೆದುಹೋದರೂ ತರಬೇತುದಾರರು ಸುಮ್ಮನಿದ್ದರೆ ಆ ಸ್ಥಳವನ್ನು ಬಿಟ್ಟುಬಿಡುವುದೇ ಕ್ಷೇಮ. ಹೊಸಬರ ಪ್ರಧಾನ ನೇತ್ರ ಎಡಗಣ್ಣೋ ಬಲಗಣ್ಣೋ ಎಂದು ಮೊದಲ ದಿನವೇ ಪರೀಕ್ಷಿಸುವವರು ಒಳ್ಳೆಯ ಗುರುಗಳು, ಏಕೆಂದರೆ ಬಿಲ್ಲನ್ನು ಯಾವ ಕೈಯಲ್ಲಿ ಹಿಡಿಯಬೇಕೆಂಬುದು ಬಹುಮಟ್ಟಿಗೆ ಅದರಿಂದ ನಿಶ್ಚಯವಾಗುತ್ತದೆ.

ಬಿಲ್ಲನ್ನು ಮೊದಲೇ ಕೊಳ್ಳಬಾರದು. ಕಲಿಯುವವರಿಗೆ ಸುಮಾರು 20 ಪೌಂಡ್ ಎಳೆತದ ಹಗುರ ಬಿಲ್ಲು ಸಾಕು. ತೋಳು, ಬೆನ್ನು ಬಲಿತಂತೆ ಅದು ಬದಲಾಗುತ್ತದೆ. ಆದುದರಿಂದ ಕ್ಲಬ್ಬೇ ಬಿಲ್ಲನ್ನು ಎರವಲು ಕೊಡುತ್ತದೆಯೇ ಎಂದು ಕೇಳುವುದು ಶುಲ್ಕ ಕೇಳುವಷ್ಟೇ ಮುಖ್ಯ. ಸ್ಪರ್ಧೆಯ ರಿಕರ್ವ್ 70 ಮೀಟರಿನಿಂದ, ರಾಟೆಗಳುಳ್ಳ ಕಾಂಪೌಂಡ್ 50 ಮೀಟರಿನಿಂದ ಎಸೆಯುವಂಥವು; ಎರಡೂ ದುಬಾರಿ. ಇಂಡಿಯನ್ ರೌಂಡ್ ಎಂಬ ವಿಭಾಗದಲ್ಲಿ ಮಾತ್ರ ಬಿದಿರು, ಮರದ ಸರಳ ಬಿಲ್ಲಿನಿಂದಲೇ 50 ಮತ್ತು 30 ಮೀಟರಿನಲ್ಲಿ ಸ್ಪರ್ಧಿಸಬಹುದು. ಬಡ ವಿದ್ಯಾರ್ಥಿಗೆ ಇದೇ ಹೆಬ್ಬಾಗಿಲು. ಇದನ್ನು ಕೀಳೆಂದು ತಿಳಿಯುವ ಕ್ಲಬ್ಬು ಅಂಥವರಿಗೆ ತಕ್ಕುದಲ್ಲ.

ಕ್ಲಬ್ಬು ಜಿಲ್ಲಾ ಹಾಗೂ ರಾಜ್ಯ ಸಂಘಗಳ ಮಾನ್ಯತೆ ಪಡೆದಿದೆಯೇ ಎಂಬ ಪ್ರಶ್ನೆ ಶುಷ್ಕವೆಂದು ತೋರಬಹುದು. 2019ರ ಆಗಸ್ಟಿನಲ್ಲಿ, ಒಳಜಗಳದ ಕಾರಣ, ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯು ಭಾರತದ ಸಂಘವನ್ನು ಅಮಾನತಿನಲ್ಲಿಟ್ಟಿತು. ಆ ವರ್ಷ ಬ್ಯಾಂಕಾಕಿನಲ್ಲಿ ನಡೆದ ಏಷ್ಯಾ ಖಂಡದ ಒಲಿಂಪಿಕ್ ಅರ್ಹತಾ ಸ್ಪರ್ಧೆಯಲ್ಲಿ ದೀಪಿಕಾ ಕುಮಾರಿ ಚಿನ್ನ ಗೆದ್ದಾಗ ಆಕೆ ಸ್ಪರ್ಧಿಸಿದುದು ಭಾರತದ ಧ್ವಜದಡಿಯಲ್ಲಲ್ಲ. ಕಚೇರಿಯ ತಕರಾರು ಬಿಲ್ಲು ಹಿಡಿದವರ ತಲೆಗೇ ಬರುತ್ತದೆ. ಈ ಸೀಮೆಯವರಿಗೆ ಇನ್ನೊಂದು ತೊಡಕೂ ಉಂಟು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದುವು. ಓದುವ ಭಾಷೆ ಕನ್ನಡವಾದರೂ ವಾಸದ ದಾಖಲೆ ಆಂಧ್ರದ್ದು. ಆದ್ದರಿಂದ ಯಾವ ರಾಜ್ಯದ ಪರವಾಗಿ ಸ್ಪರ್ಧಿಸಲು ಅವಕಾಶವಿದೆ ಎಂಬುದನ್ನು ಹೆಸರು ನೋಂದಾಯಿಸುವ ಮುನ್ನವೇ ಬರವಣಿಗೆಯಲ್ಲಿ ತಿಳಿದುಕೊಳ್ಳುವುದು ಒಳಿತು. ಆಂಧ್ರವೇನೂ ಬಡವಲ್ಲ: 2023ರ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಭಾರತಕ್ಕೆ ಮೊತ್ತಮೊದಲ ಚಿನ್ನ ತಂದ ಮೂವರ ತಂಡದಲ್ಲಿ ವಿಜಯವಾಡದ ಜ್ಯೋತಿ ಸುರೇಖಾ ಇದ್ದರು.

ಇವಾವುವೂ ಕೈಗೂಡದಿದ್ದರೆ ವಿಶ್ವವಿದ್ಯಾಲಯದ ದಾರಿ ಉಳಿದಿದೆ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗಳಲ್ಲಿ ಬಿಲ್ಲುವಿದ್ಯೆಯೂ ಸೇರಿದೆ. ಪ್ರವೇಶ ಪಡೆದ ವಾರದಲ್ಲೇ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡು ಆಯ್ಕೆಯ ದಿನಾಂಕವನ್ನು ಕೇಳಿಕೊಳ್ಳಬೇಕು. ನಗರದಲ್ಲಿ ಯಾರು ಎಲ್ಲಿ ಕಲಿಸುತ್ತಾರೆ ಎಂಬುದೂ ಬಹುಶಃ ಅವರಿಗೇ ಗೊತ್ತಿರುತ್ತದೆ.