ಪವಾಡವಿಲ್ಲದ ಬದುಕಿನ ಹಾಡು

ಹೆಸರಾಂತ ಕ್ರೈಸ್ತ ಗೀತೆಗಳ ಹಿಂದೆ ಸಾಮಾನ್ಯವಾಗಿ ಒಂದು ದೊಡ್ಡ ಕತೆ ಇರುತ್ತದೆ. ಅಂಥದೊಂದು ಗೀತೆ ಬರೆದ ಜಾನ್ ನ್ಯೂಟನ್ ಗುಲಾಮರ ಹಡಗುಗಳಲ್ಲಿ ದುಡಿದು, ಬಿರುಗಾಳಿಯಲ್ಲಿ ಜೀವ ಉಳಿದು, ಮನಸ್ಸು ತಿರುಗಿದವನು. ಇನ್ನೊಂದನ್ನು ಬರೆದ ಹೊರೇಷಿಯೋ ಸ್ಪಾಫರ್ಡ್ ನಾಲ್ವರು ಹೆಣ್ಣುಮಕ್ಕಳನ್ನು ಕಡಲಪಾಲು ಮಾಡಿಕೊಂಡ ತಂದೆ. ಆದರೆ ದೇವರ ನಂಬಿಗಸ್ತಿಕೆಯನ್ನು ಹಾಡುವ ‘ಗ್ರೇಟ್ ಈಸ್ ದೈ ಫೇತ್‌ಫುಲ್‌ನೆಸ್’ ಬರೆದ ಥಾಮಸ್ ಚಿಶಮ್‌ನ ಬದುಕಿನಲ್ಲಿ ಅಂಥ ಘಟನೆ ಯಾವುದೂ ಇಲ್ಲ. ಈ ಹಾಡಿನ ಹಿರಿಮೆ ಇರುವುದೇ ಅಲ್ಲಿ.

ಚಿಶಮ್ ಹುಟ್ಟಿದ್ದು 1866ರಲ್ಲಿ, ಅಮೆರಿಕದ ಕೆಂಟಕಿಯ ಫ್ರಾಂಕ್ಲಿನ್ ಬಳಿ, ಮರದ ದಿಮ್ಮಿಗಳ ಗುಡಿಸಲಿನಲ್ಲಿ. ಹದಿನಾರಕ್ಕೇ ಶಾಲೆಯ ಮೇಷ್ಟ್ರಾದ. ಇಪ್ಪತ್ತೊಂದಕ್ಕೆ ಊರಿನ ವಾರಪತ್ರಿಕೆಯಲ್ಲಿ ಸಹಸಂಪಾದಕ. 1903ರಲ್ಲಿ ಮೆಥಡಿಸ್ಟ್ ಸಭೆಯ ಪಾದ್ರಿಯಾದರೂ ಆರೋಗ್ಯ ಕೈಕೊಟ್ಟು ಒಂದೇ ವರ್ಷಕ್ಕೆ ಆ ಕೆಲಸ ಬಿಡಬೇಕಾಯಿತು. ಮುಂದೆ ಹೊಟ್ಟೆಪಾಡಿಗೆ ವಿಮೆ ಮಾರಿದ. ಕಾಯಿಲೆಯಿಂದಾಗಿ ತನ್ನ ಸಂಪಾದನೆ ಎಂದೂ ಹೆಚ್ಚಿರಲಿಲ್ಲ, ಆದರೂ ದೇವರು ಕೈಬಿಡಲಿಲ್ಲ ಎಂದು ಇಳಿವಯಸ್ಸಿನಲ್ಲಿ ಪತ್ರವೊಂದರಲ್ಲಿ ಬರೆದುಕೊಂಡ. ಇಷ್ಟರ ನಡುವೆಯೇ ಸುಮಾರು 1,200 ಕವಿತೆ ಬರೆದ.

1923ರಲ್ಲಿ ಆತ ಕಳಿಸಿದ ಕವಿತೆಗಳಲ್ಲೊಂದಾದ ಈ ಹಾಡಿಗೆ ಸಂಗೀತಗಾರ ವಿಲಿಯಂ ರನ್ಯನ್ ರಾಗ ಕಟ್ಟಿದ. ಚಿಕಾಗೋದ ಮೂಡಿ ಬೈಬಲ್ ಸಂಸ್ಥೆ ಅದನ್ನು ತನ್ನ ಹಾಡನ್ನಾಗಿ ಮಾಡಿಕೊಂಡಿತು. 1954ರಲ್ಲಿ ಲಂಡನ್ನಿನಲ್ಲಿ ನಡೆದ ಸುವಾರ್ತಾ ಬೋಧಕ ಬಿಲ್ಲಿ ಗ್ರಹಾಂನ ಸಭೆಗಳಲ್ಲಿ ಗಾಯಕ ಜಾರ್ಜ್ ಬೆವರ್ಲಿ ಶೇ ಹಾಡಿದ ಮೇಲಂತೂ ಅದು ದೇಶ ದೇಶ ದಾಟಿತು.

ಹಾಡಿನ ಎರಡನೆಯ ಚರಣ ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಬಳಿಯ ಬಬ್ಬೂರಿನಂಥ ಊರಿನವರನ್ನು ತಡೆದು ನಿಲ್ಲಿಸುತ್ತದೆ. ಬೇಸಿಗೆ, ಚಳಿಗಾಲ, ವಸಂತ, ಸುಗ್ಗಿ ಎಲ್ಲವೂ ದೇವರ ನಂಬಿಗಸ್ತಿಕೆಗೆ ಸಾಕ್ಷಿ ಎನ್ನುತ್ತದೆ ಅದು. ಹಿರಿಯೂರು ಸೀಮೆಯ ಬೆದ್ದಲಲ್ಲಿ ಶೇಂಗಾ ಬಿತ್ತಿದವರಿಗೆ ಗೊತ್ತು, ಬಿತ್ತಿದ್ದೆಲ್ಲ ಸುಗ್ಗಿಯಾಗುವುದಿಲ್ಲ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಳೆಗಾಗಿ ಮುಗಿಲು ನೋಡುವ ಇಂಥ ನಾಡಿನಲ್ಲಿ ಈ ಚರಣವನ್ನು ಯಾವ ಬಾಯಲ್ಲಿ ಹಾಡುವುದು?

ಉತ್ತರ ಹಾಡಿನ ಬೇರಿನಲ್ಲಿದೆ. ಚಿಶಮ್ ಅದನ್ನು ತೆಗೆದುಕೊಂಡದ್ದು ಬೈಬಲಿನ ‘ಪ್ರಲಾಪಗಳು’ ಪುಸ್ತಕದಿಂದ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುಟ್ಟು ಹಾಕಿದ ಮೇಲಿನ ಗೋಳು ಅದು. ಮೂರನೆಯ ಅಧ್ಯಾಯದಲ್ಲಿ ಇಪ್ಪತ್ತು ವಚನಗಳ ತನಕ ಬರೀ ಸಂಕಟ: ಸವೆದ ಚರ್ಮ, ಮುರಿದ ಎಲುಬು, ಕಲ್ಲು ಹರಳು ಕಡಿದು ಮುರಿದ ಹಲ್ಲು. ಆಮೇಲೆ 22 ಮತ್ತು 23ನೆಯ ವಚನಗಳಲ್ಲಿ, ದೇವರ ಕರುಣೆ ದಿನದಿನ ಬೆಳಿಗ್ಗೆ ಹೊಸದು ಎಂಬ ಮಾತು ಬರುತ್ತದೆ. ಆ ಹೊತ್ತಿಗೆ ಊರು ಇನ್ನೂ ಬೂದಿಯಾಗಿಯೇ ಇದೆ. ಹಾಗಾಗಿ ಇದನ್ನು ತುಂಬಿದ ಕಣಜದ ಮುಂದಷ್ಟೇ ಹಾಡುವ ಹಾಡೆಂದುಕೊಂಡರೆ ಅದರ ಅರ್ಧ ತೂಕ ಕೈತಪ್ಪುತ್ತದೆ.

ಈ ಪ್ರಲಾಪ ಕನ್ನಡಕ್ಕೆ ಬಂದದ್ದು ಚಿಶಮ್ ಹುಟ್ಟುವುದಕ್ಕೂ ಮೊದಲೇ, ಚಿತ್ರದುರ್ಗದ ನೆರೆಯ ಬಳ್ಳಾರಿಯಿಂದ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ದುಡಿದ ಫಲವಾಗಿ 1831ರ ಹೊತ್ತಿಗೆ ಪೂರ್ಣ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಸಭೆಯಲ್ಲಿ ಈ ಗೀತೆಯನ್ನು ಹಾಡುವವರು ಒಮ್ಮೆ ಪ್ರಲಾಪಗಳ ಆ ಮೂರನೆಯ ಅಧ್ಯಾಯವನ್ನು ಮೊದಲ ವಚನದಿಂದಲೇ ಓದಿಕೊಳ್ಳಲಿ.