ನಿಪ್ಪಾಣಿ ಅಜ್ಜಿ, ಪುಣೆಯ ಪುಟ್ಟಿ

‘ಮಗೂನ ಎಲ್ಲಿಂದ ತಂದ್ರಿ?’ ಅಂತ ಕೇಳುವವರು ಈಗಲೂ ಸಿಗುತ್ತಾರೆ. ತರೋಕೆ ಅವಳೇನು ಸಂತೆ ಸಾಮಾನಾ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡು, ‘ಪುಣೆಯಿಂದ ಕರೆದುಕೊಂಡು ಬಂದ್ವಿ’ ಅನ್ನುತ್ತೇನೆ. ಕೂಡಲೇ ಎದುರಿಗಿದ್ದವರ ಮುಖ ಹಗುರವಾಗುತ್ತದೆ. ‘ಓ, ನಮ್ಮ ಇಂಡಿಯಾದ್ದೇ! ಹಾಗಾದ್ರೆ ಏನೂ ಕಷ್ಟ ಇಲ್ಲ ಬಿಡಿ.’

ನಾವಿರುವುದು ಅಮೆರಿಕದ ಮಿನೆಸೋಟಾದಲ್ಲಿ. ನಾನು ತೀರ್ಥಹಳ್ಳಿ ಕಡೆಯವಳು, ನಮ್ಮವರು ಬೆಳಗಾವಿ ಜಿಲ್ಲೆಯ ನಿಪ್ಪಾಣಿಯವರು. ಮೈಬಣ್ಣ ಒಂದೇ, ಊಟ ಹೆಚ್ಚುಕಡಿಮೆ ಒಂದೇ, ಇನ್ನೇನು ಬೇಕು ಎಂಬುದು ಜನರ ಲೆಕ್ಕ. ಆದರೆ ಎರಡು ವರ್ಷ ನಾಲ್ಕು ತಿಂಗಳ ಆ ಮಗುವಿನ ಕಡೆಯಿಂದ ನೋಡಿ. ಅವಳಿಗೆ ನಮ್ಮ ಮಾತು ಗೊತ್ತಿಲ್ಲ, ನಮ್ಮ ಮನೆಯ ವಾಸನೆ ಗೊತ್ತಿಲ್ಲ. ರಾತ್ರಿ ಪಕ್ಕದಲ್ಲಿ ಮಲಗುತ್ತಿದ್ದ ಮಕ್ಕಳು ಯಾರೂ ಇಲ್ಲ. ಕಿಟಕಿಯಾಚೆ ನವೆಂಬರ್ ತಿಂಗಳ ಹಿಮ. ಅವಳ ಪಾಲಿಗೆ ನಾವೇ ವಿದೇಶಿಯರು.

ದತ್ತು ಪ್ರಕ್ರಿಯೆಯ ಬಗ್ಗೆ ತುಂಬಾ ಬರೆಯುವುದಿಲ್ಲ, ಅದು ಬರೀ ಕಾಗದಪತ್ರದ ಕಥೆ. ದೇಶದಿಂದ ದೇಶಕ್ಕೆ ಮಕ್ಕಳ ದತ್ತು ನಡೆಯುವುದು 1993ರ ಹೇಗ್ ಒಪ್ಪಂದದ ಪ್ರಕಾರ. ಭಾರತ ಅದನ್ನು ಒಪ್ಪಿಕೊಂಡದ್ದು 2003ರಲ್ಲಿ, ಅಮೆರಿಕದಲ್ಲಿ ಜಾರಿಗೆ ಬಂದದ್ದು 2008ರಲ್ಲಿ. ಹಾಗಾಗಿ ಎರಡೂ ಸರ್ಕಾರಗಳು ಹೂಂ ಅನ್ನಬೇಕು. ಇಲ್ಲಿ ಹೋಮ್ ಸ್ಟಡಿ, ಬೆರಳಚ್ಚು, ಬ್ಯಾಂಕಿನ ಲೆಕ್ಕ, ಡಾಕ್ಟರ್ ಸರ್ಟಿಫಿಕೇಟು. ಅಲ್ಲಿ ದಿಲ್ಲಿಯ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ (ಎಲ್ಲರ ಬಾಯಲ್ಲಿ ‘ಕಾರಾ’) ನೋಂದಣಿ, ಅವರ ನಿರಾಕ್ಷೇಪಣಾ ಪತ್ರ, ದತ್ತು ಆದೇಶ, ಪಾಸ್‌ಪೋರ್ಟು, ವೀಸಾ. ನಮಗೆ ಎರಡೂವರೆ ವರ್ಷ ಹಿಡಿಯಿತು. ಮಗಳ ಹೆಸರನ್ನು ನಾವು ಬದಲಾಯಿಸಲಿಲ್ಲ. ಶಿಶುಗೃಹದವರು ಇಟ್ಟ ಹೆಸರೇ ಅವಳು ತನ್ನ ಜೊತೆ ತಂದ ಆಸ್ತಿ. ಇಲ್ಲಿ ಅದನ್ನು ಬರೆಯುವುದೂ ಇಲ್ಲ, ಅವಳು ಅಲ್ಲಿಗೆ ಹೇಗೆ ಬಂದಳು ಎಂಬುದನ್ನೂ ಬರೆಯುವುದಿಲ್ಲ. ಅದು ಅವಳ ಕಥೆ, ದೊಡ್ಡವಳಾದ ಮೇಲೆ ಬೇಕಾದರೆ ಅವಳೇ ಹೇಳಿಕೊಳ್ಳಲಿ. ಮನೆಯಲ್ಲಿ ಕರೆಯುವಂತೆ ಪುಟ್ಟಿ ಅಂತಿರಲಿ.

ಮೊದಲ ವಾರ ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ‘ಎಷ್ಟು ಒಳ್ಳೆ ಮಗು ರೀ, ಅಳೋದೇ ಇಲ್ಲ!’ ನಿಜ, ಪುಟ್ಟಿ ಅಳುತ್ತಿರಲಿಲ್ಲ. ಬಿದ್ದು ಮೊಣಕೈ ತರಚಿದರೂ ಎದ್ದು ಸುಮ್ಮನೆ ನಿಲ್ಲುತ್ತಿದ್ದಳು. ರಾತ್ರಿ ಎಚ್ಚರವಾದರೆ ಕಣ್ಣು ಬಿಟ್ಟುಕೊಂಡು ಚಾವಣಿ ನೋಡುತ್ತಾ ಮಲಗಿರುತ್ತಿದ್ದಳು. ನಮ್ಮ ದತ್ತು ಸಂಸ್ಥೆಯ ಸೋಷಿಯಲ್ ವರ್ಕರ್ ಅದನ್ನು ಕೇಳಿ ಖುಷಿಪಡಲಿಲ್ಲ. ಇಪ್ಪತ್ತು ಮಕ್ಕಳಿಗೆ ಇಬ್ಬರು ಆಯಾಗಳಿದ್ದರೆ, ಅವರು ಎಷ್ಟೇ ಒಳ್ಳೆಯವರಾಗಿರಲಿ, ಪ್ರತಿ ಅಳುವಿಗೂ ಓಡಿ ಬರಲಾಗುವುದಿಲ್ಲ. ಅತ್ತರೂ ಯಾರೂ ಬರುವುದಿಲ್ಲ ಎಂದು ತಿಳಿದ ಮಗು ಅಳುವುದನ್ನೇ ಬಿಡುತ್ತದೆ ಎಂದರು. ಇನ್ನೊಂದು ಕಡೆ ಯಾರು ಕೈ ಚಾಚಿದರೂ ನಗುತ್ತಾ ಹೋಗಿಬಿಡುತ್ತಿದ್ದಳು. ‘ನಮ್ಮಲ್ಲಿ ಎಷ್ಟು ಬೇಗ ಹೊಂದಿಕೊಂಡ್ಳು ನೋಡಿ’ ಅಂತ ಕನ್ನಡ ಕೂಟದ ಗೆಳತಿಯರಿಗೆ ಸಂಭ್ರಮ. ಹೊಂದಿಕೊಂಡದ್ದಲ್ಲ ಅದು. ತನ್ನವರು ಯಾರು, ಬೇರೆಯವರು ಯಾರು ಎಂಬ ಗೆರೆ ಇನ್ನೂ ಅವಳಲ್ಲಿ ಮೂಡಿರಲಿಲ್ಲ, ಅಷ್ಟೆ.

ಅದಕ್ಕೆಂದೇ ಒಂದು ನಿಯಮ ಹಾಕಿಕೊಟ್ಟರು. ಕೆಲವು ತಿಂಗಳು ಊಟ ಮಾಡಿಸುವುದು, ಸ್ನಾನ ಮಾಡಿಸುವುದು, ಎತ್ತಿಕೊಳ್ಳುವುದು, ಮಲಗಿಸುವುದು ಅಪ್ಪ-ಅಮ್ಮ ಮಾತ್ರ. ಬೇರೆ ಯಾರೂ ಬೇಡ. ಕೇಳಲು ಸುಲಭ, ನಮ್ಮ ಜನರಿಗೆ ಹೇಳುವುದು ಕಷ್ಟ. ಮನೆಗೆ ಬಂದವರು ಮಗುವನ್ನು ಎತ್ತಿಕೊಳ್ಳದೆ, ಕೈಗೊಂದು ಬಿಸ್ಕತ್ತು ಕೊಡದೆ ಹೋಗುವುದುಂಟೇ? ಬೇಜಾರು ಮಾಡಿಕೊಂಡವರಿದ್ದರು. ಅಷ್ಟರಲ್ಲಿ, ಡಿಸೆಂಬರ್ ಮೊದಲ ವಾರ, ಮೊದಲೇ ಟಿಕೆಟ್ ಆಗಿದ್ದ ಪ್ರಕಾರ ನಿಪ್ಪಾಣಿಯಿಂದ ಅತ್ತೆ ಬಂದಿಳಿದರು. ಅವರಿಗೆ ಇದೇ ಮೊದಲ ಮೊಮ್ಮಗಳು.

ಅತ್ತೆಗೆ ಈ ನಿಯಮ ಹೇಳುವ ಕೆಲಸ ನಮ್ಮವರಿಗೇ ಬಿಟ್ಟೆ. ಅತ್ತೆ ಎಲ್ಲ ಕೇಳಿಸಿಕೊಂಡು ಕೇಳಿದರು, ‘ಮಾತಾಡಬಹುದೇನ? ಅದಕ್ಕರೆ ಪರ್ಮಿಶನ್ ಐತಿಲ್ಲೋ?’

ಆಮೇಲೆ ನಡೆದದ್ದು ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ. ಅತ್ತೆ ಹಾಲ್‌ನಲ್ಲಿ ಆ ತುದಿಯ ಗೋಡೆಗೆ ಒರಗಿ, ಎರಡೂ ಕೈ ಮಡಿಲಲ್ಲಿ ಕಟ್ಟಿಕೊಂಡು ನೆಲದ ಮೇಲೆ ಕೂತರು. ಪುಟ್ಟಿ ನನ್ನ ಕಾಲ ಹತ್ತಿರ ಪ್ಲಾಸ್ಟಿಕ್ ಡಬ್ಬಿಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಅತ್ತೆ ಅಲ್ಲಿಂದಲೇ ಮೆಲ್ಲಗೆ ‘ಕಾಯ್ ಕರತೇಸ್, ಬಾಳ?’ ಅಂದರು. ಏನು ಮಾಡ್ತಿದ್ದೀಯ, ಕಂದ ಅಂತ, ಮರಾಠಿಯಲ್ಲಿ. ಪುಟ್ಟಿಯ ಕೈ ಹಾಗೇ ನಿಂತಿತು. ತಿರುಗಿ ನೋಡಿದಳು. ಮೂರು ವಾರದಲ್ಲಿ ಮೊದಲ ಸಲ ಅವಳ ಬಾಯಿಂದ ಗಳಗಳ ಮಾತು ಬಂತು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಅತ್ತೆ ಕಣ್ಣೊರೆಸಿಕೊಂಡು ಹೂಂ ಹೂಂ ಎನ್ನುತ್ತಿದ್ದರು.

ನಮ್ಮ ಅತ್ತೆಯ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. ನಿಪ್ಪಾಣಿಯಲ್ಲಿ ಮರಾಠಿ ಬಾರದೆ ತರಕಾರಿಯೂ ಸಿಗುವುದಿಲ್ಲ, ಹಾಗಾಗಿ ಮರಾಠಿ ಅವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಮನೆಯ ಹೊಸ್ತಿಲೊಳಗೆ ಅದು ಬರುವಂತಿರಲಿಲ್ಲ. ತೀರಿಹೋದ ಮಾವ ಗಡಿ ಚಳವಳಿಯ ಕಾಲದವರು. 1967ರ ಮಹಾಜನ ವರದಿಯ ವಿಷಯ ಎತ್ತಿದರೆ ಊಟ ತಣ್ಣಗಾಗುವವರೆಗೂ ಮಾತಾಡುತ್ತಿದ್ದರಂತೆ. ಆ ಮನೆಯ ಹಿರಿಯಳು ಮಿನೆಸೋಟಾದಲ್ಲಿ ಕೂತು ದಿನವಿಡೀ ಮರಾಠಿ ಆಡತೊಡಗಿದರು. ನಮ್ಮವರು ಒಮ್ಮೆ ತಮಾಷೆಗೆ, ‘ಅಪ್ಪ ಇದ್ದಿದ್ರ ಏನಂತಿದ್ರವ್ವ?’ ಎಂದರು. ‘ಗಡಿ ನಿಮ್ಮ ಅಪ್ಪಂದು. ಅಕಿಗೆ ಎಲ್ಲಿ ಗಡೀನೋ?’ ಅಂದುಬಿಟ್ಟರು ಅತ್ತೆ.

ಪುಟ್ಟಿ ನನ್ನನ್ನು ಏನೆಂದು ಕರೆಯುತ್ತಿದ್ದಾಳೆ ಎಂದು ತಿಳಿಸಿದ್ದೂ ಅವರೇ. ‘ಮಾವಶಿ ಅಂತ ಕರ್ಯಾಕತ್ತಾಳ ನಿನ್ನ. ಅಲ್ಲೆ ನೋಡಿಕೊಳ್ಳೋ ಹೆಣ್ಣಮಕ್ಕಳಿಗೆಲ್ಲಾ ಹಂಗ ಅಂತಾರ.’ ಮಾವಶಿ ಅಂದರೆ ಚಿಕ್ಕಮ್ಮ. ಅಂದರೆ ಅವಳ ಪಾಲಿಗೆ ನಾನು ಪಾಳಿ ಮುಗಿದರೆ ಮನೆಗೆ ಹೋಗುವವಳು. ‘ಆಯಿ’ ಅನ್ನೋದನ್ನ ನೀವಾದ್ರೂ ಹೇಳಿಕೊಡಿ ಅತ್ತೆ ಎಂದು ಕೇಳಿದೆ. ಒಪ್ಪಲಿಲ್ಲ. ‘ಹೇಳಿಕೊಟ್ಟರ ಗಿಳಿ ಹಂಗ ಅಂತಾಳ. ತಾನ ಅನ್ನಲಿ, ತಡೀ. ಮಾತು ನಂದು, ತುತ್ತು ನಿಂದು. ಅಷ್ಟ ಮಾಡೂಣು.’

ಅಕ್ಷರಶಃ ಹಾಗೇ ನಡೆಯಿತು. ಅತ್ತೆ ಆ ಕಡೆಯಿಂದ ‘ಭೂಕ್ ಲಾಗಲೀ ಕಾ?’ ಎಂದು ಹಸಿವು ವಿಚಾರಿಸುವುದು, ನಾನು ಈ ಕಡೆಯಿಂದ ತುತ್ತು ಕೊಡುವುದು. ಎಪ್ಪತ್ತೊಂದು ವರ್ಷದ ಹೆಂಗಸು, ಒಂದು ಮಗುವನ್ನು ಎತ್ತಿಕೊಳ್ಳದೆ ತಿಂಗಳುಗಟ್ಟಲೆ ಕೈ ಕಟ್ಟಿ ಕೂತದ್ದು ಸಣ್ಣ ವಿಷಯವಲ್ಲ.

ಜನವರಿಯಲ್ಲಿ ಮಾತಿನ ತಜ್ಞೆ ಮನೆಗೆ ಬಂದರು. ಇಲ್ಲಿ ಮೂರು ವರ್ಷದೊಳಗಿನ ಮಕ್ಕಳ ಬೆಳವಣಿಗೆಯಲ್ಲಿ ಅನುಮಾನವಿದ್ದರೆ ಶಾಲಾ ಜಿಲ್ಲೆಯವರೇ ಉಚಿತವಾಗಿ ಪರೀಕ್ಷೆ ಮಾಡುತ್ತಾರೆ. ಬಹಳ ಒಳ್ಳೆಯ ಸೌಲಭ್ಯ, ಪೋಷಕರು ನಾಚಿಕೊಳ್ಳದೆ ಬಳಸಿಕೊಳ್ಳಬೇಕು. ಅವರ ಪಟ್ಟಿಯಲ್ಲಿ ‘ಎರಡು ಪದ ಕೂಡಿಸಿ ಆಡುತ್ತಾಳೆಯೇ?’ ಎಂಬ ಪ್ರಶ್ನೆ. ಇಂಗ್ಲಿಷಿನಲ್ಲಿ ಇಲ್ಲ, ಕನ್ನಡದಲ್ಲಿ ಇಲ್ಲ. ಅವರು ‘ಇಲ್ಲ’ ಎಂದು ಗುರುತು ಹಾಕುವಷ್ಟರಲ್ಲಿ ಪುಟ್ಟಿ ಲೋಟ ಬೋರಲು ಮಾಡಿ ‘ದೂದ್ ಸಂಪಲಂ’ ಎಂದಳು. ಮೂಲೆಯಿಂದ ಅತ್ತೆ, ‘ಹಾಲು ಮುಗೀತು ಅಂದ್ಳು. ಎರಡ ಶಬ್ದ ಆದ್ವು, ಬರಕೋ ಅನ್ನು ಅಕಿಗೆ’ ಅಂದರು. ತಜ್ಞೆ ನಕ್ಕು, ಅಳಿಸಿ ಬರೆದುಕೊಂಡರು. ಮುಂದಿನ ಭೇಟಿಗಳಿಗೆಲ್ಲ ಅತ್ತೆಯೇ ದುಭಾಷಿ.

ಊಟದ್ದು ಇನ್ನೊಂದು ಅಧ್ಯಾಯ. ದಿಂಬಿನ ಕೆಳಗೆ ಚಪಾತಿ ಚೂರು, ಸಾಕ್ಸ್ ಒಳಗೆ ಬಾಳೆಹಣ್ಣು ಸಿಗುತ್ತಿತ್ತು. ಬೈಯಲಿಲ್ಲ, ಕಸಿದುಕೊಳ್ಳಲಿಲ್ಲ. ಅವಳ ಕೈಗೆಟುಕುವ ಶೆಲ್ಫಿನಲ್ಲಿ ಒಂದು ಡಬ್ಬಿ ತುಂಬ ಚುರುಮುರಿ ಇಟ್ಟು, ಇದು ನಿನ್ನದು, ಖಾಲಿಯಾದರೆ ಮತ್ತೆ ತುಂಬುತ್ತೇವೆ ಎಂದು ಅತ್ತೆಯಿಂದ ಹೇಳಿಸಿದೆವು. ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆದು ನೋಡಿ ಮುಚ್ಚುತ್ತಿದ್ದಳು. ತಿನ್ನುತ್ತಿದ್ದುದು ಕಡಿಮೆ. ಮಾರ್ಚ್ ಹೊತ್ತಿಗೆ ನೋಡುವುದೂ ನಿಂತಿತು. ಡಬ್ಬಿ ಮಾತ್ರ ಇವತ್ತಿಗೂ ಅಲ್ಲೇ ಇದೆ.

ಫೆಬ್ರವರಿಯ ಒಂದು ರಾತ್ರಿ, ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ, ಪುಟ್ಟಿ ಕೋಣೆ ಬಿರಿಯುವಂತೆ ಕಿರುಚಿ ಅತ್ತಳು. ‘ಮಾವಶಿ! ಮಾವಶಿ!’ ನಾನು ಎದ್ದು ಓಡಿದೆ. ಆ ಕೋಣೆಯಿಂದ ಅತ್ತೆಯೂ ಎದ್ದು ಬಂದವರು ಬಾಗಿಲಲ್ಲೇ ನಿಂತರು. ಯಾವ ಮಾವಶಿಯನ್ನು ಕರೆದಳೋ, ಪುಣೆಯವರನ್ನೋ ನನ್ನನ್ನೋ, ಆ ಹೊತ್ತಿನಲ್ಲಿ ಅದು ಮುಖ್ಯವೆನಿಸಲಿಲ್ಲ. ಕರೆದಳು, ಯಾರೋ ಬಂದರು. ಅಷ್ಟು ಅವಳಿಗೆ ಗೊತ್ತಾಗಬೇಕಿತ್ತು. ಆಮೇಲೆ ಎರಡು ತಿಂಗಳು ಪ್ರತಿ ರಾತ್ರಿ ಅತ್ತಳು. ನಮಗೆ ನಿದ್ದೆಯಿಲ್ಲ, ಆಫೀಸಿನಲ್ಲಿ ತೂಕಡಿಕೆ. ಸೋಷಿಯಲ್ ವರ್ಕರ್ ಮಾತ್ರ ತಮ್ಮ ವರದಿಯಲ್ಲಿ ಅದನ್ನು ಒಳ್ಳೆಯ ಬೆಳವಣಿಗೆ ಎಂದೇ ಬರೆದರು. ಈ ವರದಿಗಳು ಭಾರತಕ್ಕೂ ಹೋಗುತ್ತವೆ: ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೇ ವರ್ಷ ಆರು ತಿಂಗಳಿಗೊಂದು. ಅಮ್ಮ ಎಂಬ ಮಾತು ಏಪ್ರಿಲ್‌ನಲ್ಲಿ ಬಂತು, ಅದೂ ಚಪ್ಪಲಿ ಹಾಕಿಕೊಡು ಎಂದು ಜಗಳ ಮಾಡುವಾಗ.

ಯುಗಾದಿ ಕಾರ್ಯಕ್ರಮದಲ್ಲಿ ಹಿರಿಯರೊಬ್ಬರು ಪುಟ್ಟಿಯ ಎದುರಿಗೇ, ‘ಪುಣ್ಯದ ಕೆಲಸ ಮಾಡಿದ್ದೀರಿ, ಅದೃಷ್ಟವಂತೆ ಮಗು’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಈ ಮಾತು ನನಗೆ ಸೇರುವುದಿಲ್ಲ. ನಮಗೆ ಮಗು ಬೇಕಿತ್ತು, ನಾವು ಹೋದೆವು. ಇದರಲ್ಲಿ ಪುಣ್ಯ ಎಲ್ಲಿ ಬಂತು? ಹೆತ್ತವಳನ್ನು, ಊರನ್ನು, ಭಾಷೆಯನ್ನು ಎರಡೂವರೆ ವರ್ಷದೊಳಗೆ ಕಳೆದುಕೊಂಡ ಮಗುವಿಗೆ ಅದೃಷ್ಟವಂತೆ ಎಂದರೆ, ಮುಂದೆ ಅವಳಿಗೆ ದುಃಖವಾದಾಗ ಅದನ್ನು ಹೇಳಿಕೊಳ್ಳುವ ದಾರಿಯನ್ನೇ ಮುಚ್ಚಿದ ಹಾಗೆ.

ಇದು ನನ್ನ ಸ್ವಂತ ತತ್ವವಲ್ಲ, ಪಕ್ಕದ ಬೀದಿಯ ಹೆಂಗಸಿನಿಂದ ಕಲಿತದ್ದು. ಮಿನೆಸೋಟಾದಲ್ಲಿ ಕೊರಿಯಾದಿಂದ ದತ್ತು ಬಂದು ಬೆಳೆದವರು ಬಹಳ ಮಂದಿ. ಅವರಲ್ಲಿ ಇವರೂ ಒಬ್ಬರು, ಐವತ್ತು ದಾಟಿದೆ. ನಾಲ್ಕು ವರ್ಷದವರಿದ್ದಾಗ ಬಂದರಂತೆ. ಸಾಕಿದವರು ಪ್ರೀತಿಯಿಂದಲೇ ಸಾಕಿದರು, ಆದರೆ ಕೊರಿಯನ್ ಮಾತು ಬೇಗ ಮರೆತರೆ ಒಳ್ಳೆಯದು ಎಂಬುದು ಆ ಕಾಲದ ನಂಬಿಕೆ. ದೊಡ್ಡವರಾದ ಮೇಲೆ ಸೋಲ್‌ಗೆ ಹೋದರೆ ಅಂಗಡಿಯಲ್ಲಿ ನೀರು ಕೇಳಲೂ ಬರಲಿಲ್ಲ. ‘ಎಲ್ಲರೂ ನನ್ನ ಹಾಗೇ ಕಾಣುತ್ತಿದ್ದರು, ನಾನು ಮಾತ್ರ ಮೂಕಿ’ ಎಂದಿದ್ದರು. ಅವರು ನಮಗೆ ಕೊಟ್ಟ ಮೊದಲ ಸಲಹೆ, ಪೌರತ್ವದ ಪ್ರಮಾಣಪತ್ರ ಮತ್ತು ಪಾಸ್‌ಪೋರ್ಟ್ ಎರಡನ್ನೂ ಭದ್ರವಾಗಿಡಿ ಎಂದು. ಪುಟ್ಟಿಯಂಥ ಮಕ್ಕಳಿಗೆ ಅಮೆರಿಕಕ್ಕೆ ಕಾಲಿಟ್ಟ ಕೂಡಲೇ ಪೌರತ್ವ ಬರುತ್ತದೆ, 2000ನೇ ಇಸವಿಯ ಕಾನೂನಿನಿಂದ. ಆದರೆ ಅದು ಜಾರಿಯಾದ 2001ರ ಫೆಬ್ರವರಿ 27ಕ್ಕೆ ಹದಿನೆಂಟು ತುಂಬಿದ್ದವರಿಗೆ ಅನ್ವಯಿಸಲಿಲ್ಲ. ಸಾಕಿದವರು ಅರ್ಜಿ ಹಾಕಲು ಮರೆತಿದ್ದರೆ ಮಕ್ಕಳು ಪೌರತ್ವವಿಲ್ಲದೆ ಉಳಿದರು. ಕೆಲವರನ್ನು ನಡುವಯಸ್ಸಿನಲ್ಲಿ, ಮಾತೇ ಬಾರದ ಹುಟ್ಟಿದ ದೇಶಕ್ಕೆ ಗಡೀಪಾರು ಮಾಡಿದ್ದೂ ಉಂಟು.

ಭಾಷೆ ಅಷ್ಟು ಪೂರ್ತಿ ಅಳಿಸಿಹೋಗುತ್ತದೆಯೇ? ಮೂರರಿಂದ ಎಂಟು ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋದವರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದ 2003ರ ಅಧ್ಯಯನದಲ್ಲಿ, ಅವರಿಗೆ ಕೊರಿಯನ್ ಮಾತು ಬೇರೆ ಫ್ರೆಂಚರಿಗಿಂತ ಹೆಚ್ಚೇನೂ ಗುರುತು ಸಿಗಲಿಲ್ಲ. 2014ರಲ್ಲಿ ಕೆನಡಾದ ಮಾಂಟ್ರಿಯಲ್‌ನವರು ಬೇರೆಯದೇ ಕಂಡರು. ಒಂದು ವರ್ಷದ ಆಸುಪಾಸಿನಲ್ಲಿ ಚೀನಾದಿಂದ ಬಂದು, ಫ್ರೆಂಚ್ ಒಂದನ್ನೇ ಆಡುತ್ತಾ ಬೆಳೆದ ಹುಡುಗಿಯರಿಗೆ ಚೀನೀ ಸ್ವರದ ಏರಿಳಿತ ಕೇಳಿಸಿದರೆ, ಚೀನೀ ಬಲ್ಲವರ ಮಿದುಳಿನ ಹಾಗೇ ಅವರ ಮಿದುಳೂ ಸ್ಪಂದಿಸಿತು. ಅರ್ಥ ಹೋಗಿದೆ, ಕಿವಿ ಬಿಟ್ಟುಕೊಟ್ಟಿಲ್ಲ. ಇದನ್ನು ಅತ್ತೆಗೆ ಓದಿ ಹೇಳಿದಾಗ ‘ಅದಕ್ಕ ಮಷೀನ್ ಬೇಕಾತೇನ?’ ಅಂದರು.

ಜೂನ್‌ನಲ್ಲಿ ಅತ್ತೆಯ ಆರು ತಿಂಗಳು ಮುಗಿಯಿತು. ಹೊರಡುವ ವಾರ ಸೋಷಿಯಲ್ ವರ್ಕರ್, ಇನ್ನು ಅಜ್ಜಿ ಎತ್ತಿಕೊಳ್ಳಬಹುದು ಎಂದರು. ಅತ್ತೆ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಮನೆ ತುಂಬ ಓಡಾಡಿದರು. ಸೊಂಟ ಹಿಡಿದುಕೊಂಡಿತು, ಅಯೊಡೆಕ್ಸ್ ಹಚ್ಚಿಕೊಂಡೇ ವಿಮಾನ ಹತ್ತಿದರು.

ಮರಾಠಿ ಆಮೇಲೆ ಕರಗುತ್ತಾ ಬಂತು. ವಾಕ್ಯಗಳು ದೀಪಾವಳಿಯೊಳಗೆ ಹೋದವು. ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಅತ್ತೆ ಹಟ ಹಿಡಿದು ಮರಾಠಿಯಲ್ಲೇ ಶುರು ಮಾಡುತ್ತಾರೆ, ಪುಟ್ಟಿ ಕನ್ನಡದಲ್ಲಿ ಉತ್ತರಿಸುತ್ತಾಳೆ, ನಡುನಡುವೆ ಇಂಗ್ಲಿಷ್. ಕನ್ನಡವೂ ಶಾಲೆಯ ಇಂಗ್ಲಿಷಿನ ಎದುರು ಎಷ್ಟು ದಿನ ನಿಲ್ಲುತ್ತದೋ ನೋಡಬೇಕು, ಅದು ಇಲ್ಲಿನ ಎಲ್ಲ ಮನೆಗಳ ಪಾಡು. ‘ನಕೋ’ ಮಾತ್ರ ಹೋಗಿಲ್ಲ. ಬೇಡ ಎನ್ನಲು ಅವಳಿಗೆ ಇವತ್ತಿಗೂ ಅದೇ ಪದ. ನನಗೂ ಅದೇ ರೂಢಿಯಾಗಿಬಿಟ್ಟಿದೆ.

ಈಗ ಐದು ವರ್ಷ, ಕಿಂಡರ್‌ಗಾರ್ಟನ್. ಹೋದ ವಾರ ಶಾಲೆಯಿಂದ ಚೀಟಿ ಬಂತು, ಮಗುವಿನ ಹಸುಗೂಸಿನ ಫೋಟೋ ಕಳಿಸಿ ಎಂದು. ನಮ್ಮ ಹತ್ತಿರ ಇರುವ ಅತಿ ಹಳೆಯ ಫೋಟೋದಲ್ಲಿ ಅವಳಿಗೆ ಹದಿನಾಲ್ಕು ತಿಂಗಳು. ಶಿಶುಗೃಹದ ಕಡತದ್ದು. ತೊಟ್ಟಿಲಲ್ಲಿ ಕೂತಿದ್ದಾಳೆ, ಪಕ್ಕದಿಂದ ಇನ್ನೊಂದು ಮಗುವಿನ ಪುಟ್ಟ ಕೈ ಅವಳ ಫ್ರಾಕ್ ಹಿಡಿದಿದೆ. ಆ ಕೈಯನ್ನು ಕತ್ತರಿಸಿ ಪ್ರಿಂಟ್ ಹಾಕಿಸೋಣವೇ ಎಂದು ನಮ್ಮವರು ಕೇಳಿದರು. ಪುಟ್ಟಿ ಅಲ್ಲೇ ನಿಂತಿದ್ದಳು.

‘ನಕೋ’ ಎಂದಳು. ಹಾಗೇ ಕಳಿಸಿದೆವು.