ಓಲೆಯ ಲೋಹ

ಚಿನ್ನದ ಓಲೆಯನ್ನು ತೆಗೆದಿಟ್ಟು ಗಿಲೀಟಿನದನ್ನು ತೊಟ್ಟ ಒಂದೆರಡು ದಿನಗಳಲ್ಲಿಯೇ ಕೆಲವರ ಕಿವಿ ಕೆಂಪೇರಿ ಸೋರತೊಡಗುವುದನ್ನು ನಾವು ಕಂಡಿದ್ದೇವೆ. ‘ನಂಜಾಯಿತು’ ಎನ್ನುತ್ತೇವೆ. ಇದಕ್ಕೆ ಬಹುಮಟ್ಟಿಗೆ ಕಾರಣ ನಿಕ್ಕಲ್ ಲೋಹ. ಮೆರುಗು ಸವೆದಲ್ಲಿ ಅದು ಬೆವರಿನಲ್ಲಿ ಕರಗಿ, ಅಯಾನುಗಳಾಗಿ ಚರ್ಮವನ್ನು ಹೊಕ್ಕು, ಅಲ್ಲಿಯ ಪ್ರೋಟೀನುಗಳೊಡನೆ ಕೂಡಿಕೊಳ್ಳುತ್ತದೆ. ದೇಹದ ರಕ್ಷಕ ಕಣಗಳು ಅದನ್ನು ಒಮ್ಮೆ ಪರಕೀಯವೆಂದು ಗುರುತಿಸಿದರೆ ಆ ವೈರ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಮುಂದೆ ಕೈಗಡಿಯಾರದ ಕೊಂಡಿಯೂ ತುರಿಕೆ ತಂದೀತು. ಹೊಸದಾಗಿ ಚುಚ್ಚಿದ ಗಾಯದಲ್ಲಂತೂ ಚರ್ಮದ ತಡೆಯೇ ಇಲ್ಲ.

ಮುಖ್ಯವಾದುದು ನಿಕ್ಕಲ್ ಎಷ್ಟಿದೆಯೆಂಬುದಲ್ಲ, ಎಷ್ಟು ಹೊರಬೀಳುತ್ತದೆಂಬುದು. 316ಎಲ್ ಉಕ್ಕಿನಲ್ಲಿ ಅದು ನೂರಕ್ಕೆ ಹತ್ತರಷ್ಟಾದರೂ ಇದ್ದು, ಕ್ರೋಮಿಯಂ ಆಕ್ಸೈಡಿನ ತೆಳುಪೊರೆ ಬಹುಪಾಲನ್ನು ತಡೆಹಿಡಿಯುತ್ತದೆ. ಐರೋಪ್ಯ ಒಕ್ಕೂಟದ ನಿಯಮದಂತೆ, ಚುಚ್ಚಿದ ತೂತಿನಲ್ಲಿ ನಿಲ್ಲುವ ಕಡ್ಡಿಯಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂ ನಿಕ್ಕಲಿಗಿಂತ ಹೆಚ್ಚು ಹೊರಬೀಳಕೂಡದು. ಈಗಾಗಲೇ ನಂಜಾಗಿರುವವರಿಗೆ ಟೈಟಾನಿಯಂ ಲೇಸು. ಬಿಳಿ ಚಿನ್ನವನ್ನು, ಹೆಸರಿನಲ್ಲಿ ಚಿನ್ನವಿದೆಯೆಂದು ನಂಬಲಾಗದು. ಅದರ ಬಿಳುಪು ಎಷ್ಟೋ ವೇಳೆ ನಿಕ್ಕಲಿನದೇ.